ಪಾಪ್‌-ಅಪ್ ಬಂದಾಗ ‘ಅಲೋ’ ಒತ್ತೋ ಮುಂಚೆ

ಹೋದ ವಾರ ಸಂಚಿಕೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಮೆಸೇಜ್ ಹಾಕಿ ಕೇಳಿದವರಿಗೆ ಥ್ಯಾಂಕ್ಸ್. ನಾನು ಸಾಗರಕ್ಕೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ನಡೆದ ವಿಷಯಾನೇ ಇವತ್ತಿನ ಸಂಚಿಕೆ. ಸ್ವಲ್ಪ ಟೆಕ್ನಿಕಲ್ ಇದೆ, ಆದರೆ ಹೆದರಬೇಡಿ, ನಾನೂ ಬಿ.ಕಾಂ ಓದಿದವನೇ. ಡೆಬಿಟ್, ಕ್ರೆಡಿಟ್ ಬಿಟ್ಟು ಬೇರೆ ಗೊತ್ತಿಲ್ಲದೆ ಇದ್ದವನು, ಲಾಕ್‌ಡೌನ್‌ನಲ್ಲಿ ಕೂತು ಜಾವಾಸ್ಕ್ರಿಪ್ಟ್ ಕಲಿತೆ. ನನಗೆ ಅರ್ಥ ಆಗಿದ್ದು ನಿಮಗೂ ಆಗುತ್ತೆ.

ಮೊದಲು ನಡೆದಿದ್ದು ಹೇಳ್ತೀನಿ. ಕೆಲವು ತಿಂಗಳ ಹಿಂದೆ, ರಾತ್ರಿ ಹನ್ನೊಂದು ಗಂಟೆಗೆ ಚಿಕ್ಕಮ್ಮನ ಫೋನ್. ತಂಗಿಯ ಡಿಗ್ರಿ ಪರೀಕ್ಷೆ ಫೀಸ್ ಕಟ್ಟೋಕೆ ಅವತ್ತೇ ಕೊನೇ ದಿನ. “ಪೇ ಅಂತ ಒತ್ತಿದ್ರೆ ಎಂತದೂ ಆಗ್ತಿಲ್ಲ ಮಾರಾಯ. ಹತ್ತು ಸಲ ಒತ್ತಿದೆ.” ನಾನು ಮಲಗಿದ್ದವನು ಎದ್ದು, ಸ್ಕ್ರೀನ್‌ಶಾಟ್ ಕಳಿಸೋಕೆ ಹೇಳಿದೆ. ನೋಡಿದ ತಕ್ಷಣ ಗೊತ್ತಾಯ್ತು. ಆ ಸೈಟು ಬ್ಯಾಂಕಿನ ಪುಟವನ್ನ ಬೇರೆ ವಿಂಡೋದಲ್ಲಿ ತೆರೆಯೋಕೆ ನೋಡ್ತಿದೆ, ಫೋನಿನ ಕ್ರೋಮ್ ಅದನ್ನ ತಡೀತಿದೆ. ಕೆಳಗೆ ಸಣ್ಣದಾಗಿ ‘ಪಾಪ್‌-ಅಪ್ ಬ್ಲಾಕ್ಡ್’ ಅಂತ ಬಂದು ಹೋಗಿದೆ, ಚಿಕ್ಕಮ್ಮ ಗಮನಿಸಿಲ್ಲ.

ನಾನು ಏನು ಮಾಡಬೇಕಿತ್ತು? ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಡೋದು ಹೇಗೆ ಅಂತ ನಿಧಾನವಾಗಿ ಹೇಳಬೇಕಿತ್ತು. ನಿದ್ದೆಗಣ್ಣಲ್ಲಿ ನಾನು ಹೇಳಿದ್ದು ಹೀಗೆ: “ಚಿಕ್ಕಮ್ಮ, ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಪಾಪ್‌-ಅಪ್ಸ್ ಆಂಡ್ ರೀಡೈರೆಕ್ಟ್ಸ್, ಅದನ್ನ ಆನ್ ಮಾಡಿಬಿಡಿ. ಮುಂದೆ ಎಲ್ಲಾದ್ರೂ ಅಲೋ ಅಂತ ಕೇಳಿದ್ರೆ ಅಲೋ ಕೊಡಿ, ಇಲ್ಲಾಂದ್ರೆ ಪೇಮೆಂಟ್ ಆಗಲ್ಲ.” ಫೀಸ್ ಹೋಯ್ತು. ಚಿಕ್ಕಮ್ಮ ಖುಷಿ. ನಾನು ದೊಡ್ಡ ಎಂಜಿನಿಯರ್ ಥರ ಮಲಗಿದೆ.

ಆ ಮಾತು ಎರಡು ತಿಂಗಳಾದ ಮೇಲೆ ಏನು ಮಾಡ್ತು ಅಂತ ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ ಈ ಪಾಪ್‌-ಅಪ್ ಅನ್ನೋದು ಏನು, ಅದನ್ನ ತಡೆಯೋ ಕೆಲಸ ಬ್ರೌಸರ್‌ಗೆ ಯಾಕೆ ಬಂತು ಅಂತ ತಿಳ್ಕೋಬೇಕು.

ಜಾವಾಸ್ಕ್ರಿಪ್ಟ್ ಅನ್ನೋ ಭಾಷೆ ಹುಟ್ಟಿದ್ದು 1995ರಲ್ಲಿ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನ ಹತ್ತೇ ದಿನದಲ್ಲಿ ಬರೆದರು ಅನ್ನೋದು ಎಲ್ಲರೂ ಹೇಳೋ ಕಥೆ, ನಿಜವಾದ ಕಥೆಯೂ ಹೌದು. ಅದರಲ್ಲಿ ಶುರುವಿನಿಂದಲೂ ಒಂದು ಆಜ್ಞೆ ಇದೆ: ವಿಂಡೋ ಡಾಟ್ ಓಪನ್. ಹೆಸರಲ್ಲೇ ಅರ್ಥ ಇದೆ, ಹೊಸ ಕಿಟಕಿ ತೆಗಿ ಅಂತ. ಅದಕ್ಕೆ ಮೂರು ವಿಷಯ ಕೊಡಬೇಕು. ಮೊದಲನೆಯದು ವಿಳಾಸ, ಯಾವ ಪುಟ ತೆರೀಬೇಕು ಅಂತ. ಎರಡನೆಯದು ಆ ವಿಂಡೋಗೆ ಒಂದು ಹೆಸರು. ಮೂರನೆಯದು ‘ಫೀಚರ್ಸ್’, ಅಂದ್ರೆ ಕಿಟಕಿ ಹೇಗಿರಬೇಕು ಅನ್ನೋ ಪಟ್ಟಿ.

ಆ ಪಟ್ಟಿ ಹೇಗಿರುತ್ತೆ ಅಂತ ಓದಿ ಹೇಳ್ತೀನಿ, ಕೇಳಿ. ವಿಡ್ತ್ ಈಕ್ವಲ್ ಟು 400, ಕಾಮಾ, ಹೈಟ್ ಈಕ್ವಲ್ ಟು 300, ಕಾಮಾ, ಲೆಫ್ಟ್ 100, ಟಾಪ್ 100, ಟೂಲ್‌ಬಾರ್ ನೋ, ಮೆನುಬಾರ್ ನೋ, ಲೊಕೇಶನ್ ನೋ, ಸ್ಟೇಟಸ್ ನೋ, ರೀಸೈಝಬಲ್ ನೋ, ಸ್ಕ್ರಾಲ್‌ಬಾರ್ಸ್ ನೋ. ಎಲ್ಲಾ ಒಂದೇ ಸಾಲಲ್ಲಿ, ಒಂದೇ ಕೋಟ್ ಮಾರ್ಕ್ ಒಳಗೆ. ಹಳೇ ಬ್ರೌಸರ್‌ಗಳಲ್ಲಿ ಕಾಮಾ ಆದ ಮೇಲೆ ಒಂದು ಸ್ಪೇಸ್ ಬಿಟ್ಟರೂ ಕೆಡ್ತಿತ್ತು. ಹಳೇ ಪುಸ್ತಕಗಳಲ್ಲಿ ಸ್ಪೇಸ್ ಬಿಡಬೇಡಿ ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ.

ಈಗ ಈ ಪಟ್ಟಿಯನ್ನ ಸ್ವಲ್ಪ ಯೋಚನೆ ಮಾಡಿ ನೋಡಿ. ಇದು ಸೈಟ್ ಬರೆದವನ ಕೈಲಿ ಇರೋ ಪಟ್ಟಿ. ಕಂಪ್ಯೂಟರ್ ನಿಮ್ಮದು, ಪರದೆ ನಿಮ್ಮದು. ಆದರೆ ಕಿಟಕಿ ಎಷ್ಟು ಅಗಲ, ಎಲ್ಲಿ ಕೂರಬೇಕು, ಅದನ್ನ ನೀವು ಎಳೆದು ದೊಡ್ಡದು ಮಾಡಬಹುದೋ ಇಲ್ಲವೋ, ವಿಳಾಸ ಕಾಣಬೇಕೋ ಬೇಡವೋ, ಇದನ್ನೆಲ್ಲ ತೀರ್ಮಾನ ಮಾಡೋನು ಬೇರೆ ಯಾರೋ. ಬಾಡಿಗೆ ಮನೆಯಲ್ಲಿ ಓನರ್ ಬಂದು ‘ನಿಮ್ಮ ಬಾಗಿಲ ಮೇಲಿನ ನಂಬರ್ ತೆಗೀತೀನಿ, ಕಿಟಕಿಗೆ ಚಿಲಕ ಇರಲ್ಲ’ ಅಂದ ಹಾಗೆ. ಅಲ್ಲ, ಅದಕ್ಕಿಂತ ಕೆಟ್ಟದ್ದು. ಇಲ್ಲಿ ಅವನು ಓನರ್ರೂ ಅಲ್ಲ, ದಾರೀಲಿ ಹೋಗೋನು.

ಶುರುವಲ್ಲಿ ಇದರ ಉದ್ದೇಶ ಒಳ್ಳೇದೇ ಇತ್ತು. ಒಂದು ಫಾರ್ಮ್ ತುಂಬ್ತಾ ಇದ್ದೀರಿ, ಪಕ್ಕದಲ್ಲಿ ಸಹಾಯದ ಪುಟ ಚಿಕ್ಕದಾಗಿ ತೆರೆದುಕೊಂಡರೆ ಅನುಕೂಲ. ಒಂದು ಕ್ಯಾಲೆಂಡರ್ ಬಂದು ದಿನಾಂಕ ಆರಿಸಿದರೆ ಮುಚ್ಚಿಕೊಂಡರೆ ಚೆಂದ. ಅಂಥದ್ದಕ್ಕೆ ಟೂಲ್‌ಬಾರ್ ಯಾಕೆ, ಮೆನು ಯಾಕೆ? ಸರಿ, ತೆಗೀರಿ.

ಆಮೇಲೆ ಜಾಹೀರಾತು ಬಂತು. ತೊಂಬತ್ತರ ದಶಕದಲ್ಲಿ ಟ್ರೈಪಾಡ್ ಅಂತ ಒಂದು ಅಮೆರಿಕನ್ ಸೈಟ್ ಇತ್ತು, ಜನ ತಮ್ಮ ತಮ್ಮ ಪುಟ ಮಾಡಿಕೊಳ್ಳೋ ಜಾಗ. ಅಲ್ಲಿ ಈಥನ್ ಝುಕರ್‌ಮನ್ ಅನ್ನೋರು ಕೆಲಸ ಮಾಡ್ತಿದ್ದರು. ಒಂದು ದೊಡ್ಡ ಕಾರ್ ಕಂಪನಿಯ ಜಾಹೀರಾತು ಅಶ್ಲೀಲ ವಿಷಯ ಇದ್ದ ಯಾರದ್ದೋ ಪುಟದ ಮೇಲೆ ಕಾಣಿಸಿ, ಕಂಪನಿಯವರು ಗಾಬರಿಯಾದರು. ಪುಟಕ್ಕೂ ಜಾಹೀರಾತಿಗೂ ಸಂಬಂಧ ಇಲ್ಲ ಅನ್ನೋ ಹಾಗೆ ಕಾಣಬೇಕು, ಏನು ಮಾಡೋದು? ಜಾಹೀರಾತನ್ನ ಬೇರೆ ಕಿಟಕಿಯಲ್ಲಿ ತೆರೆಯೋದು! ಆ ಕೋಡ್ ಬರೆದವರು ಝುಕರ್‌ಮನ್. 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಅದಕ್ಕಾಗಿ ಕ್ಷಮೆ ಕೇಳಿದರು. ಅದನ್ನ ಓದಿದಾಗ ನನಗೆ ನಗು ಬಂದಿತ್ತು. ಹೋದ ವಾರ ಸಾಗರದಲ್ಲಿ ಕೂತಾಗ ನಗು ಬರಲಿಲ್ಲ. ಒಳ್ಳೇ ಉದ್ದೇಶದಿಂದ ಮಾಡಿದ್ದು ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನನಗೂ ಅಷ್ಟೊತ್ತಿಗೆ ಗೊತ್ತಾಗಿತ್ತು.

ಮುಂದೆ ಆಗಿದ್ದು, ನಿಮ್ಮಲ್ಲಿ ಯಾರಾದ್ರೂ ಅಣ್ಣನೋ ಅಕ್ಕನೋ ಸೈಬರ್ ಕೆಫೆ ಕಾಲದವರಾಗಿದ್ದರೆ ಕೇಳಿ, ಅವರು ಹೇಳ್ತಾರೆ. ಒಂದು ಮುಚ್ಚಿದರೆ ಮೂರು. 2001ರ ಹೊತ್ತಿಗೆ ಎಕ್ಸ್‌-ಟೆನ್ ಅನ್ನೋ ಕಂಪನಿಯ ಕ್ಯಾಮೆರಾ ಜಾಹೀರಾತು ಎಷ್ಟು ಕುಖ್ಯಾತ ಅಂದ್ರೆ, ಅದು ಮೇಲೆ ಬರ್ತಾನೇ ಇರಲಿಲ್ಲ, ನಿಮ್ಮ ಕಿಟಕಿಯ ಹಿಂದೆ ತೆರೆದು ಕೂತಿರ್ತಿತ್ತು. ನೀವು ಎಲ್ಲಾ ಮುಚ್ಚಿ ಹೊರಡೋವಾಗ ಕಾಣೋದು. ಯಾವ ಸೈಟಿಂದ ಬಂತು ಅಂತಲೂ ಗೊತ್ತಾಗಲ್ಲ. ಇದಕ್ಕೆ ಪಾಪ್‌-ಅಂಡರ್ ಅಂತ ಹೆಸರು.

ಜಾಹೀರಾತು ಬರೀ ಕಿರಿಕಿರಿ. ಮೋಸ ಶುರುವಾಗಿದ್ದು ಆ ಪಟ್ಟಿಯ ಒಂದು ಸಾಲಿನಿಂದ: ಲೊಕೇಶನ್ ನೋ. ಅಂದ್ರೆ ವಿಳಾಸ ಪಟ್ಟಿ ತೋರಿಸಬೇಡ. ವಿಳಾಸ ಇಲ್ಲದ ಒಂದು ಪುಟ್ಟ ಕಿಟಕಿ, ಒಳಗೆ ನಿಮ್ಮ ಬ್ಯಾಂಕಿನ ಲೋಗೊ, ಯೂಸರ್ ಐಡಿ, ಪಾಸ್‌ವರ್ಡ್. ಯಾರ ಪುಟ ಇದು ಅಂತ ನೋಡೋಣ ಅಂದ್ರೆ ನೋಡೋಕೆ ಜಾಗಾನೇ ಇಲ್ಲ. ಇನ್ನೊಂದು ತಂತ್ರ, ಲೆಫ್ಟ್ ಮತ್ತು ಟಾಪ್‌ಗೆ ದೊಡ್ಡ ಸಂಖ್ಯೆ ಕೊಟ್ಟು ಕಿಟಕಿಯನ್ನ ಪರದೆಯ ಹೊರಗೆ ಇಡೋದು. ಅದು ತೆರೆದಿರುತ್ತೆ, ಕೆಲಸ ಮಾಡ್ತಾ ಇರುತ್ತೆ, ನಿಮಗೆ ಕಾಣಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಫುಲ್‌ಸ್ಕ್ರೀನ್ ಯೆಸ್ ಅಂತ ಬರೆದರೆ ಮುಚ್ಚೋ ಗುಂಡಿಯೂ ಇಲ್ಲದ ಹಾಗೆ ಇಡೀ ಪರದೆ ತುಂಬ್ತಿತ್ತು. ಅದರಲ್ಲಿ ವಿಂಡೋಸ್ ಡೆಸ್ಕ್‌ಟಾಪ್ ಚಿತ್ರಾನೇ ಹಾಕಿಬಿಟ್ಟರೆ?

ಆಗ ಬ್ರೌಸರ್ ಮಾಡೋರು ಒಂದೊಂದೇ ಅಧಿಕಾರ ವಾಪಸ್ ತಗೊಂಡರು. ಒಪೆರಾ, ಮೊಝಿಲ್ಲಾ ಮೊದಲು ಪಾಪ್‌-ಅಪ್ ತಡೆಯೋ ಸೌಲಭ್ಯ ಕೊಟ್ಟವು. 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಬಂದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ತಡೆ ಬಂತು, ಪರದೆಯಾಚೆ ಕಿಟಕಿ ಇಡೋದು ನಿಂತಿತು. ಅದೇ ವರ್ಷ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂತು, ಪಾಪ್‌-ಅಪ್ ತಡೆ ಸಮೇತ. 2006ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರಲ್ಲಿ ಪಾಪ್‌-ಅಪ್ ಆದರೂ ವಿಳಾಸ ಕಾಣಲೇಬೇಕು ಅಂತ ಮಾಡಿದರು. ಈಗ ಕಿಟಕಿಯನ್ನ ನೂರು ಪಿಕ್ಸೆಲ್‌ಗಿಂತ ಚಿಕ್ಕದು ಮಾಡೋಕಾಗಲ್ಲ. ಎಳೆದು ದೊಡ್ಡದು ಮಾಡೋದನ್ನ ತಡೆಯೋಕಾಗಲ್ಲ. ನೀವೇ ತೆರೆದ ಟ್ಯಾಬನ್ನ ಸೈಟು ಮುಚ್ಚೋಕಾಗಲ್ಲ. ಸ್ಕ್ರಿಪ್ಟ್ ತಾನು ತೆರೆದಿದ್ದನ್ನ ಮಾತ್ರ ಮುಚ್ಚಬಹುದು.

ಇವತ್ತಿನ ಸ್ಥಿತಿ ಕೇಳಿದರೆ ನಗ್ತೀರಾ. ಟೂಲ್‌ಬಾರ್ ನೋ, ಸ್ಟೇಟಸ್ ನೋ, ಮೆನುಬಾರ್ ನೋ ಅಂತ ನೀವು ಉದ್ದಕ್ಕೆ ಬರೆದರೂ, ಈಗಿನ ಮಾನದಂಡದ ಪ್ರಕಾರ ಬ್ರೌಸರ್ ಅದನ್ನೆಲ್ಲ ಓದಿ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೆ: ಇವನಿಗೆ ಟ್ಯಾಬ್ ಬೇಕಾ, ಪುಟ್ಟ ಕಿಟಕಿ ಬೇಕಾ? ಅಷ್ಟೇ. ಹತ್ತು ಬೇಡಿಕೆಗೆ ಒಂದೇ ಉತ್ತರ. ಈಗ ಅದಕ್ಕೆ ‘ಪಾಪ್‌ಅಪ್’ ಅಂತ ಒಂದೇ ಪದ ಬರೆದರೂ ಸಾಕು. ಉದ್ದ ಅಗಲ ಕೊಡಿ, ಜಾಗ ಹೇಳಿ, ಮಿಕ್ಕಿದ್ದು ಬ್ರೌಸರ್ ನೋಡ್ಕೊಳ್ಳುತ್ತೆ. ಇಂಟರ್ವ್ಯೂಗೆ ಅಂತ ಇಂದಿಗೂ ಆ ಉದ್ದ ಪಟ್ಟಿ ಬಾಯಿಪಾಠ ಮಾಡಿಸೋ ಕೋಚಿಂಗ್‌ನವರು ಇದ್ದಾರೆ. ಪಾಪ.

ಫೋನಿನಲ್ಲಂತೂ ಅದೂ ಇಲ್ಲ. ವಿಡ್ತ್ 400 ಅಂತ ಬರೆಯಿರಿ, 4000 ಅಂತ ಬರೆಯಿರಿ, ಮೊಬೈಲ್ ಕ್ರೋಮ್ ಇರಲಿ, ಐಫೋನ್ ಸಫಾರಿ ಇರಲಿ, ಹೊಸ ಟ್ಯಾಬ್ ತೆರೆಯುತ್ತೆ ಅಷ್ಟೇ. ಫೋನಲ್ಲಿ ಪುಟ್ಟ ಕಿಟಕಿ ಅನ್ನೋದೇ ಇಲ್ಲ. ಈ ಮಾತು ನೆನಪಿರಲಿ, ಚಿಕ್ಕಮ್ಮನ ಕಥೆಗೆ ಬೇಕಾಗುತ್ತೆ.

ಹಾಗಾದ್ರೆ ಬ್ರೌಸರ್ ಯಾವ ಪಾಪ್‌-ಅಪ್ ಬಿಡುತ್ತೆ, ಯಾವುದನ್ನ ತಡೆಯುತ್ತೆ? ನೀವು ಒತ್ತಿದ್ದಕ್ಕೆ ಬಂದಿದ್ದಾ ಅಂತ ನೋಡುತ್ತೆ. ಬೆರಳಿಟ್ಟು ಒತ್ತಿದ ಕ್ಷಣದಿಂದ ಒಂದು ಸಣ್ಣ ಅವಧಿ, ಕ್ರೋಮ್‌ನಲ್ಲಿ ಸುಮಾರು ಐದು ಸೆಕೆಂಡ್, ಸಫಾರಿ ಇನ್ನೂ ಬಿಗಿ, ಅಷ್ಟರಲ್ಲಿ ಸೈಟು ಕಿಟಕಿ ತೆರೆದರೆ ಸರಿ. ಅದೂ ಒಂದು ಒತ್ತಿಗೆ ಒಂದೇ ಕಿಟಕಿ. ಪುಟ ಲೋಡ್ ಆದ ತಕ್ಷಣ ತಾನಾಗೇ ತೆರೆಯೋಕೆ ನೋಡಿದರೆ ತಡೆ. ಒತ್ತಿದ ಮೇಲೆ ತುಂಬ ಹೊತ್ತು ಬಿಟ್ಟು ತೆರೆಯೋಕೆ ನೋಡಿದರೂ ತಡೆ.

ಇದು ನನಗೆ ಗೊತ್ತಾಗಿದ್ದು ನನ್ನ ತಪ್ಪಿನಿಂದಲೇ. ಒಬ್ಬ ಸ್ನೇಹಿತನ ಟ್ಯೂಷನ್ ಕ್ಲಾಸಿಗೆ ರಸೀದಿ ಕೊಡೋ ಪುಟ ಮಾಡಿಕೊಟ್ಟಿದ್ದೆ. ಒತ್ತಿದರೆ ಸರ್ವರ್‌ಗೆ ಹೋಗಿ, ರಸೀದಿ ನಂಬರ್ ತಂದು, ಆಮೇಲೆ ಹೊಸ ಕಿಟಕಿಯಲ್ಲಿ ತೋರಿಸಬೇಕು. ನನ್ನ ಮನೆ ವೈಫೈನಲ್ಲಿ ಬೆಣ್ಣೆ ಥರ ಓಡ್ತಿತ್ತು. ಅವನ ಕ್ಲಾಸಿನ ಸಿಮ್ ನೆಟ್‌ವರ್ಕಲ್ಲಿ ಸರ್ವರ್ ಉತ್ತರ ಬರೋಕೆ ಎಂಟು ಸೆಕೆಂಡ್. ಅಷ್ಟರಲ್ಲಿ ಬ್ರೌಸರ್ ಆ ಒತ್ತನ್ನ ಮರೆತಿರುತ್ತೆ. ರಸೀದಿ ಬರಲ್ಲ. ಅಪ್ಪ ಅಮ್ಮಂದಿರು ‘ದುಡ್ಡು ಕೊಟ್ಟಿದ್ದೀವಿ, ರಸೀದಿ ಎಲ್ಲಿ’ ಅಂತ ಜಗಳ. ವಿಂಡೋ ಡಾಟ್ ಓಪನ್ ತಡೆದಾಗ ಅದು ‘ನಲ್’ ಅಂತ ಖಾಲಿ ಉತ್ತರ ವಾಪಸ್ ಕೊಡುತ್ತೆ. ಅದನ್ನ ಪರೀಕ್ಷೆ ಮಾಡಿ ‘ಪಾಪ್‌-ಅಪ್ ತಡೆಯಲಾಗಿದೆ, ಇಲ್ಲಿ ಒತ್ತಿ’ ಅಂತ ಒಂದು ಸಾಲು ತೋರಿಸಿದ್ದರೆ ಮುಗೀತಿತ್ತು. ನಾನು ತೋರಿಸಿರಲಿಲ್ಲ. ಆಮೇಲೆ ಕಿಟಕೀನೇ ತೆಗೆದುಹಾಕಿ, ರಸೀದಿಯನ್ನ ಅದೇ ಪುಟದಲ್ಲಿ ತೋರಿಸಿದೆ. ನಿಮ್ಮಲ್ಲಿ ಕೋಡ್ ಬರೆಯೋರು ಇದ್ದರೆ, ಕಿಟಕಿ ಬೇಕೇ ಬೇಕು ಅಂದ್ರೆ, ಒತ್ತಿದ ಕೂಡಲೇ ಖಾಲಿ ಕಿಟಕಿ ತೆರೆದು, ಉತ್ತರ ಬಂದ ಮೇಲೆ ಅದರೊಳಗೆ ಪುಟ ತುಂಬಿ.

ಆ ಎರಡನೇ ವಿಷಯ, ಕಿಟಕಿಗೆ ಹೆಸರು ಕೊಡೋದು ಅಂದೆನಲ್ಲ, ಅದೂ ಸುಮ್ಮನೆ ಅಲ್ಲ. ಒಂದೇ ಹೆಸರು ಕೊಟ್ಟರೆ ಎರಡನೇ ಸಲ ಒತ್ತಿದಾಗ ಹೊಸ ಕಿಟಕಿ ಬರಲ್ಲ, ಹಳೇದರಲ್ಲೇ ಪುಟ ಮತ್ತೆ ಲೋಡ್ ಆಗುತ್ತೆ. ಪೇಮೆಂಟ್ ನಡುವೆ ಹೀಗಾದರೆ ಏನಾಗುತ್ತೆ ಅಂತ ಊಹಿಸಿ. ‘ಪೇಮೆಂಟ್ ಆಗುವಾಗ ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ’ ಅಂತ ಕೆಂಪಕ್ಷರದಲ್ಲಿ ಬರೋದು ಇಂಥ ಗೊಂದಲಕ್ಕೇ. ಚಿಕ್ಕಮ್ಮ ಹತ್ತು ಸಲ ಒತ್ತಿದಾಗ ಪಾಪ್‌-ಅಪ್ ತಡೆದಿದ್ದೇ ಒಳ್ಳೇದಾಯ್ತು ಅಂತ ಈಗ ಅನ್ನಿಸುತ್ತೆ.

ಇನ್ನೂ ಒಂದು ವಿಷಯ, ಇದು ನಿಮ್ಮಂಥ ಕೇಳುಗರಿಗೆ. ಇನ್‌ಸ್ಟಾಗ್ರಾಮ್‌ನಲ್ಲೋ ಇನ್ಯಾವುದೋ ಆಪ್‌ನಲ್ಲೋ ಲಿಂಕ್ ಒತ್ತಿದಾಗ, ಆಪ್ ಒಳಗೇ ಪುಟ ತೆರೆಯುತ್ತಲ್ಲ, ಅದು ಬಹಳ ಸಲ ಕ್ರೋಮ್ ಅಲ್ಲ. ಆಂಡ್ರಾಯ್ಡ್‌ನಲ್ಲಿ ಇಂಥದ್ದಕ್ಕೆ ವೆಬ್‌ವ್ಯೂ ಅಂತಾರೆ. ಅದರಲ್ಲಿ ಆಪ್ ಬರೆದವರು ಬೇಕು ಅಂತ ಅನುಮತಿ ಕೊಟ್ಟಿಲ್ಲ ಅಂದ್ರೆ ಹೊಸ ಕಿಟಕಿ ಅನ್ನೋದೇ ಇರಲ್ಲ. ಪರೀಕ್ಷೆ ಫೀಸು, ಟಿಕೆಟ್ಟು ಕಟ್ಟೋವಾಗ ಏನೂ ಆಗ್ತಿಲ್ಲ ಅಂದ್ರೆ ಮೊದಲು ಮೂರು ಚುಕ್ಕಿ ಒತ್ತಿ ಪುಟವನ್ನ ಬ್ರೌಸರ್‌ನಲ್ಲಿ ತೆರೆಯಿರಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ. ವಿಳಾಸವೂ ಪೂರ್ತಿ ಕಾಣುತ್ತೆ.

ಈಗ ಸಾಗರಕ್ಕೆ ಬರೋಣ.

ಫೀಸ್ ಕಟ್ಟಿ ಎರಡು ತಿಂಗಳಾದ ಮೇಲೆ ಚಿಕ್ಕಮ್ಮ ಒಂದು ಪಾರ್ಸೆಲ್ ಎಲ್ಲಿಗೆ ಬಂತು ಅಂತ ನೋಡೋಕೆ ಗೂಗಲ್‌ನಲ್ಲಿ ಹುಡುಕಿದ್ದಾರೆ. ಯಾವುದೋ ಒಂದು ಸೈಟಿಗೆ ಹೋಗಿದ್ದಾರೆ. ಅಲ್ಲಿ ಒಂದು ಚೌಕ ಬಂದಿದೆ, ‘ಅಲೋ’, ‘ಬ್ಲಾಕ್’. ನಾನು ಹೇಳಿಕೊಟ್ಟಿದ್ದು ನೆನಪಿದೆಯಲ್ಲ, ಅಲೋ ಒತ್ತಿದ್ದಾರೆ. ಆದರೆ ಅದು ಪಾಪ್‌-ಅಪ್‌ಗೆ ಕೇಳಿದ ಅನುಮತಿ ಅಲ್ಲ, ನೋಟಿಫಿಕೇಶನ್‌ಗೆ ಕೇಳಿದ್ದು. ಎರಡಕ್ಕೂ ಒಂದೇ ಪದ, ಅಲೋ. ಆ ರಾತ್ರಿ ನಾನು ವ್ಯತ್ಯಾಸ ಹೇಳಿರಲಿಲ್ಲ. ಹೇಳಬೇಕು ಅಂತ ಹೊಳೆದೂ ಇರಲಿಲ್ಲ.

ಪಾಪ್‌-ಅಪ್ ದಾರಿ ಮುಚ್ಚಿದ ಮೇಲೆ ಮೋಸ ಮಾಡೋರು ಹಿಡಿದ ದಾರಿ ಈ ನೋಟಿಫಿಕೇಶನ್ನು. ಬ್ರೌಸರ್ ಮುಚ್ಚಿದ್ದರೂ ಫೋನಿನ ಮೇಲ್ಗಡೆ ಬ್ಯಾಂಕಿನ ಮೆಸೇಜ್ ಥರಾನೇ ಬರುತ್ತೆ. ಚಿಕ್ಕಮ್ಮನಿಗೂ ಹಾಗೇ ಬಂದಿದೆ, ಕೆವೈಸಿ ಮುಗಿದಿದೆ, ಇವತ್ತೇ ಅಪ್‌ಡೇಟ್ ಮಾಡಿ ಅಂತ. ಒತ್ತಿದ್ದಾರೆ. ಒಂದು ಪುಟ ತೆರೆದಿದೆ, ಅದರ ಮೇಲೆ ಒಂದು ಪುಟ್ಟ ಕಿಟಕಿ. ಕಿಟಕಿಗೆ ಮೇಲೆ ಪಟ್ಟಿ ಇದೆ, ಬೀಗದ ಚಿತ್ರ ಇದೆ, ಬ್ಯಾಂಕಿನ ಸರಿಯಾದ ವಿಳಾಸ ಇದೆ. ಮೂಲೆಯಲ್ಲಿ ಮುಚ್ಚೋಕೆ ಇಂಟು ಮಾರ್ಕ್ ಕೂಡ ಇದೆ. ಕಾರ್ಡ್ ನಂಬರ್ ಹಾಕಿದ್ದಾರೆ. ಒಟಿಪಿ ಬಂದಿದೆ, ಅದನ್ನೂ ಹಾಕಿದ್ದಾರೆ. 14,600 ರೂಪಾಯಿ ಹೋಯ್ತು.

ಹೆದರಿಕೊಂಡು ಎರಡು ದಿನ ಯಾರಿಗೂ ಹೇಳಿಲ್ಲ. ಚಿಕ್ಕಪ್ಪನಿಗೂ ಇಲ್ಲ. ಕೊನೆಗೆ ತಂಗಿ ನನಗೆ ಫೋನ್ ಮಾಡಿದಳು. ನಾನು ಹೋಗಿ, “ಚಿಕ್ಕಮ್ಮ, ಗೊತ್ತಿಲ್ಲದ ಕಡೆ ಅಲೋ ಯಾಕೆ ಕೊಟ್ರಿ?” ಅಂದೆ. ಅವರು ನನ್ನ ಮುಖ ನೋಡಿ ಅಷ್ಟೇ ಹೇಳಿದ್ದು: “ನೀನೇ ಹೇಳಿದ್ಯಲ್ಲ ಮಾರಾಯ, ಅಲೋ ಕೇಳಿದ್ರೆ ಕೊಡಿ ಅಂತ.”

ಉತ್ತರ ಇರಲಿಲ್ಲ ನನ್ನ ಹತ್ತಿರ.

ಆ ಪುಟ ಹೇಗಿತ್ತು ಅಂತ ಅವರ ಫೋನಲ್ಲೇ ಕೂತು ನೋಡಿದೆ, ಬ್ರೌಸರ್ ಹಿಸ್ಟರಿಯಲ್ಲಿ ಇನ್ನೂ ಇತ್ತು. ನೀವು ದಯವಿಟ್ಟು ಹಾಗೆ ಮಾಡಬೇಡಿ, ನಾನು ಮಾಡಿದ್ದೂ ಸರಿ ಅಲ್ಲ. ನೋಡಿದರೆ, ಅಲ್ಲಿ ಪಾಪ್‌-ಅಪ್ ಅನ್ನೋದೇ ಇರಲಿಲ್ಲ! ಆ ಕಿಟಕಿ ಬರೀ ಚಿತ್ರ. ಪುಟದ ಒಳಗೇ ಒಂದು ಡಬ್ಬಿ ಬರೆದು, ಅದಕ್ಕೆ ಪಟ್ಟಿ ಬರೆದು, ಬೀಗ ಬರೆದು, ವಿಳಾಸವನ್ನ ಅಕ್ಷರದಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ನಾಟಕದ ಪರದೆ ಮೇಲೆ ಬಾಗಿಲು ಬರೆದಿರ್ತಾರಲ್ಲ, ಹಾಗೆ. ಇದಕ್ಕೆ ಬ್ರೌಸರ್‌-ಇನ್‌-ದ-ಬ್ರೌಸರ್ ದಾಳಿ ಅಂತ ಹೆಸರು. 2022ರಲ್ಲಿ ಒಬ್ಬ ಭದ್ರತಾ ಸಂಶೋಧಕ, ಇಂಥದ್ದು ಎಷ್ಟು ಸುಲಭ ಅಂತ ತೋರಿಸಿ ಎಲ್ಲರನ್ನೂ ಎಚ್ಚರಿಸಿದ್ದರು. ‘ಗೂಗಲ್‌ನಿಂದ ಲಾಗಿನ್ ಆಗಿ’ ಅಂತ ಒತ್ತಿದಾಗ ಕಂಪ್ಯೂಟರ್‌ನಲ್ಲಿ ಪುಟ್ಟ ಕಿಟಕಿ ಬರುತ್ತಲ್ಲ, ಅದನ್ನೇ ಹಾಗೆ ಹಾಗೇ ನಕಲು ಮಾಡಿ ಬರೆಯೋದು.

ನೋಡಿ ಎಂಥ ವಿಚಿತ್ರ. ಪಾಪ್‌-ಅಪ್‌ನಲ್ಲಿ ವಿಳಾಸ ಮುಚ್ಚಿಡೋಕೆ ಬ್ರೌಸರ್ ಬಿಡಲ್ಲ ಅಂತ ಗೊತ್ತಾದ ಮೇಲೆ, ಅವರು ಪಾಪ್‌-ಅಪ್ಪನ್ನೇ ಕೈಬಿಟ್ಟು, ವಿಳಾಸ ಸಮೇತ ಅದರ ಚಿತ್ರ ಬರೆದರು. ಲೊಕೇಶನ್ ನೋ ಅನ್ನೋದು ಹೋಗಿ ಲೊಕೇಶನ್ ಸುಳ್ಳು ಅನ್ನೋದು ಬಂತು.

ಹಾಗಾದ್ರೆ ಗುರುತಿಸೋದು ಹೇಗೆ? ಫೋನಿಗೆ ಮೊದಲು ಹೇಳ್ತೀನಿ, ಯಾಕಂದ್ರೆ ನೀವೆಲ್ಲ ಫೋನಲ್ಲೇ ಕೇಳ್ತಿರೋದು. ಆಗಲೇ ಹೇಳಿದೆನಲ್ಲ, ಫೋನಿನ ಬ್ರೌಸರ್‌ನಲ್ಲಿ ಸೈಟು ತೆರೆಯೋ ಪುಟ್ಟ ಕಿಟಕಿ ಅನ್ನೋದೇ ಇಲ್ಲ, ಬಂದರೆ ಪೂರ್ತಿ ಟ್ಯಾಬ್. ಅಂದ ಮೇಲೆ ಪುಟದ ನಡುವೆ ವಿಳಾಸ ಪಟ್ಟಿ, ಬೀಗ ಎಲ್ಲ ಇರೋ ಕಿಟಕಿ ಕಂಡರೆ ಅದು ಬರೆದ ಚಿತ್ರಾನೇ. ಅನುಮಾನವೇ ಬೇಡ. ನಿಜವಾದ ವಿಳಾಸ ಇರೋದು ಒಂದೇ ಕಡೆ, ಬ್ರೌಸರ್‌ನ ಸ್ವಂತ ಪಟ್ಟಿಯಲ್ಲಿ. ಚಿಕ್ಕಮ್ಮನ ಫೋನಲ್ಲೂ ಪರದೆಯ ಮೇಲ್ತುದಿಯಲ್ಲಿ ಆ ಸೈಟಿನ ನಿಜ ವಿಳಾಸ ಇತ್ತು, ಅರ್ಥವಿಲ್ಲದ ಉದ್ದ ಹೆಸರು. ಅವರು ಕೆಳಗಿನ ಸುಳ್ಳು ವಿಳಾಸ ಓದಿ ಸರಿ ಇದೆ ಅಂದುಕೊಂಡರು. ನೋಡಿಲ್ಲ ಅಂತ ಯಾರೂ ಬೈಯೋ ಹಾಗಿಲ್ಲ, ಅವರು ವಿಳಾಸ ನೋಡಿದ್ದಾರೆ!

ಕಂಪ್ಯೂಟರ್ ಆದರೆ ಆ ಪುಟ್ಟ ಕಿಟಕಿಯನ್ನ ಮೌಸ್‌ನಿಂದ ಹಿಡಿದು ಬ್ರೌಸರ್‌ನ ಅಂಚಿನಾಚೆ ಎಳೆದು ನೋಡಿ. ನಿಜವಾದ ಕಿಟಕಿ ಆಚೆ ಬರುತ್ತೆ. ಬರೆದ ಕಿಟಕಿ ಅಂಚಿಗೆ ಬಂದು ನಿಂತುಬಿಡುತ್ತೆ, ಯಾಕಂದ್ರೆ ಅದು ಪುಟದ ಒಂದು ಭಾಗ. ಪಾಸ್‌ವರ್ಡ್ ಮ್ಯಾನೇಜರ್ ಬಳಸೋರಿಗೆ ಇನ್ನೊಂದು ಸೂಚನೆ ಸಿಗುತ್ತೆ: ಬರೆದ ವಿಳಾಸಕ್ಕೆ ಅದು ಮೋಸ ಹೋಗಲ್ಲ, ನಿಜವಾದ ಸೈಟ್ ಯಾವುದು ಅಂತ ನೋಡಿ, ಬೇರೆ ಆದರೆ ಪಾಸ್‌ವರ್ಡ್ ತುಂಬಲ್ಲ. ಯಾವತ್ತೂ ತುಂಬೋದು ಇವತ್ತು ಯಾಕೆ ತುಂಬ್ತಿಲ್ಲ ಅಂತ ಅನ್ನಿಸಿದರೆ ಕೈಯಿಂದ ಟೈಪ್ ಮಾಡೋಕೆ ಹೋಗಬೇಡಿ.

ಬ್ಯಾಂಕ್ ವಿಳಾಸದ ಬಗ್ಗೆ ಒಂದು ಒಳ್ಳೇ ಬದಲಾವಣೆ ಆಗಿದೆ. ನಮ್ಮ ಬ್ಯಾಂಕುಗಳು ತಮ್ಮ ಸೈಟನ್ನ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅನ್ನೋ ವಿಳಾಸಕ್ಕೆ ಬದಲಾಯಿಸಬೇಕು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿ, ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ಹೆಸರನ್ನ ಬ್ಯಾಂಕ್ ಅಲ್ಲದವರು ತಗೊಳ್ಳೋಕಾಗಲ್ಲ. ನೆಟ್ ಬ್ಯಾಂಕಿಂಗ್ ತೆರೆಯುವಾಗ ವಿಳಾಸದ ಕೊನೆ ಅದಾ ಅಂತ ನೋಡಿ. ಆದರೆ ಒಂದು ತೊಡಕಿದೆ. ಕಾರ್ಡಿನಿಂದ ಆನ್‌ಲೈನ್ ಕಟ್ಟುವಾಗ ಎರಡನೇ ದೃಢೀಕರಣ ಬೇಕು ಅನ್ನೋ ನಿಯಮ 2009ರ ಆಗಸ್ಟ್ 1ರಿಂದ ಇದೆ. ನಡುವೆ ಬಂದು ಒಟಿಪಿ ಕೇಳೋ ಪುಟ ಅದಕ್ಕೇ ಇರೋದು. ಆ ಪುಟ ಬ್ಯಾಂಕ್ ಬಳಸೋ ಬೇರೆ ಕಂಪನಿಯ ವಿಳಾಸದಲ್ಲೂ ಇರಬಹುದು. ಹಾಗಾಗಿ ಅಲ್ಲಿ ವಿಳಾಸಕ್ಕಿಂತ ಒಟಿಪಿ ಮೆಸೇಜನ್ನೇ ಪೂರ್ತಿ ಓದೋದು ಮುಖ್ಯ. ಎಷ್ಟು ದುಡ್ಡು, ಯಾರಿಗೆ ಅಂತ ಅದರಲ್ಲಿ ಇರುತ್ತೆ. ಚಿಕ್ಕಮ್ಮನಿಗೆ ಬಂದ ಮೆಸೇಜಲ್ಲೂ 14,600 ಅಂತ ಇತ್ತು. ಕೆವೈಸಿಗೆ ಯಾಕೆ ದುಡ್ಡು ಅಂತ ಆ ಗಡಿಬಿಡಿಯಲ್ಲಿ ಯಾರಿಗೆ ಹೊಳೆಯುತ್ತೆ?

ಅವರ ಫೋನಲ್ಲಿ ನಾನು ಮಾಡಿದ್ದು ಇಷ್ಟು. ಪಾಪ್‌-ಅಪ್ಸ್ ಆಂಡ್ ರೀಡೈರೆಕ್ಟ್ಸ್ ಅನ್ನ ಮತ್ತೆ ಆಫ್ ಮಾಡಿದೆ. ತಂಗಿಯ ಫೀಸ್ ಸೈಟು ಒಂದನ್ನೇ ಅನುಮತಿ ಪಟ್ಟಿಗೆ ಸೇರಿಸಿದೆ. ಅಲ್ಲೇ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದರೆ ಹನ್ನೊಂದು ಸೈಟುಗಳು ಕೂತಿದ್ದವು! ಎಲ್ಲಕ್ಕೂ ಬ್ಲಾಕ್. ನೀವೂ ಈ ಸಂಚಿಕೆ ಪಾಸ್ ಮಾಡಿ ನಿಮ್ಮ ಫೋನಲ್ಲಿ ಒಂದು ಸಲ ನೋಡಿ, ಆಮೇಲೆ ಅಮ್ಮನ ಫೋನಲ್ಲಿ ನೋಡಿ. ನಾನು ಕಾಯ್ತೀನಿ.

ಹಾಂ, ದುಡ್ಡು. 1930ಕ್ಕೆ ಫೋನ್ ಮಾಡಿದೆವು, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಬ್ಯಾಂಕಿಗೂ ಬರೆದುಕೊಟ್ಟೆವು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡೋ ಮುಂಚೆ ತಡೆಯೋಕೆ ಇರೋದು ಆ ನಂಬರ್, ಹಾಗಾಗಿ ಗಂಟೆಗಳ ಲೆಕ್ಕ. ನಾವು ಎರಡು ದಿನ ಕಳೆದಿದ್ದೆವು. ಇದನ್ನ ರೆಕಾರ್ಡ್ ಮಾಡ್ತಿರೋವರೆಗೂ ದುಡ್ಡು ಬಂದಿಲ್ಲ. ನಾನು ಕೊಡ್ತೀನಿ ಅಂದ್ರೆ ಚಿಕ್ಕಮ್ಮ ತಗೊಳ್ಳಲ್ಲ, ಬೈದರು. ತಂಗಿಯ ಮುಂದಿನ ಸೆಮಿಸ್ಟರ್ ಫೀಸ್ ನಾನು ಕಟ್ಟೋದು ಅಂತ ತಂಗಿ ಜೊತೆ ಮಾತಾಗಿದೆ. ಚಿಕ್ಕಮ್ಮ ಪಾಡ್‌ಕಾಸ್ಟ್ ಕೇಳಲ್ಲ, ಅದಕ್ಕೇ ಇಲ್ಲಿ ಧೈರ್ಯವಾಗಿ ಹೇಳ್ತಿದ್ದೀನಿ. ಸಾಗರದ ಕಡೆಯವರು ಯಾರಾದ್ರೂ ಕೇಳ್ತಿದ್ದರೆ ದಯವಿಟ್ಟು ಬಾಯಿ ಬಿಡಬೇಡಿ.

ಮೊನ್ನೆ ಮತ್ತೆ ಫೋನ್ ಮಾಡಿದ್ದರು, ಕರೆಂಟ್ ಬಿಲ್ ಕಟ್ಟೋಕೆ. ಈ ಸಲ ನಾನು ಕೇಳೋ ಮುಂಚೇನೇ ಮೇಲಿನ ಪಟ್ಟಿಯಲ್ಲಿ ಏನಿದೆ ಅಂತ ಒಂದೊಂದೇ ಅಕ್ಷರ ಓದಿ ಹೇಳಿದರು. ಡಾಟ್ ಎಲ್ಲಿದೆ ಅಂತಲೂ ಹೇಳಿದರು. ನಾನೂ ಸುಮ್ಮನೆ ಹೂಂ ಅನ್ನದೆ, ಪೂರ್ತಿ ಕೇಳಿಸಿಕೊಂಡು, ಆಮೇಲೆ ಸರಿ ಅಂದೆ.

ಮುಂದಿನ ವಾರ ಸಿಗೋಣ.